ಸಕ್ಕರೆ ಕಾಯಿಲೆ ಇದ್ದು ಕಣ್ಣು ಊದಿದರೆ ಕಾಯಬೇಡಿ

ಮಾನ್ಯರೇ,

2021ರ ಕೋವಿಡ್ ಎರಡನೇ ಅಲೆಯಲ್ಲಿ ಎಲ್ಲರ ಬಾಯಲ್ಲಿದ್ದ ‘ಬ್ಲ್ಯಾಕ್ ಫಂಗಸ್’ ಈಗ ಯಾರಿಗೂ ನೆನಪಿಲ್ಲ. ಆದರೆ ಅದು ಕೋವಿಡ್‌ಗಿಂತ ಮೊದಲೂ ಇತ್ತು, ಈಗಲೂ ಇದೆ. ಮಣ್ಣು, ಗೊಬ್ಬರ, ಕೊಳೆತ ಹಣ್ಣುಗಳಲ್ಲಿ ಇರುವ ಬೂಷ್ಟು ಅದು. ಅಂದಹಾಗೆ, ಬೂಷ್ಟು ಕಪ್ಪಲ್ಲ. ಅದು ರಕ್ತನಾಳ ಮುಚ್ಚಿದಾಗ ಸತ್ತುಹೋದ ಮಾಂಸ ಕಪ್ಪಾಗುತ್ತದೆ, ಅಷ್ಟೇ.

ಗಟ್ಟಿಮುಟ್ಟಾಗಿರುವವರಿಗೆ ಇದು ತಗಲುವುದು ಬಹಳ ಅಪರೂಪ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ರಕ್ತದ ಕ್ಯಾನ್ಸರ್ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಜಾಸ್ತಿ ದಿನ ಸ್ಟೀರಾಯ್ಡ್ ತೆಗೆದುಕೊಂಡವರ ಕಥೆಯೇ ಬೇರೆ. ಮೂಗಿನಲ್ಲಿ ಶುರುವಾಗಿ ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಕೆಲವೇ ದಿನಗಳಲ್ಲಿ ಹಬ್ಬಬಹುದು.

ನಮ್ಮ ಪಕ್ಕದ ಮನೆಯ ಅಜ್ಜನಿಗೆ ಆಗಿದ್ದೂ ಇದೇ. ಒಂದು ಕಡೆ ಮೂಗು ಕಟ್ಟಿತ್ತು, ಕೆನ್ನೆ ನೋಯುತ್ತಿತ್ತು. ನೆಗಡಿ ಇರಬೇಕು ಅಂತ ಮಾತ್ರೆ ನುಂಗಿ ಮಲಗಿದರು. ರೆಪ್ಪೆ ಊದಿತು, ಒಂದು ದೀಪ ಎರಡಾಗಿ ಕಂಡಿತು. ಆಗಲೂ ಅಂಗಡಿಯಿಂದ ಕಣ್ಣಿನ ಹನಿ ತಂದು ಹಾಕಿದರು. ಕೊನೆಗೆ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಯಿತು. ಸಕ್ಕರೆಗೆ ಹತ್ತು ವರ್ಷ ಮಾತ್ರೆ ಬರೆಸಿಕೊಂಡರೂ ಈ ಲಕ್ಷಣಗಳ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ.

ಸಕ್ಕರೆ ತಪಾಸಣೆ ಮಾಡುವ ಪ್ರತಿ ಆರೋಗ್ಯ ಕೇಂದ್ರದಲ್ಲೂ ಈ ಲಕ್ಷಣಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ಮಾರುವುದು ನಿಲ್ಲಲಿ. ಕಣ್ಣಿನ ಕರಿಗುಡ್ಡೆಗೆ ಬೂಷ್ಟು ಹಿಡಿದಿದ್ದರೆ ಆ ಹನಿ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. 2021ರಲ್ಲಿ ಬ್ಲ್ಯಾಕ್ ಫಂಗಸ್‌ಗೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೂರು ಅಲೆದರು. ಅದು ಜಿಲ್ಲಾಸ್ಪತ್ರೆಗಳಲ್ಲಿ ಸದಾ ಸಿಗುವಂತಾಗಲಿ.

– ಓದುಗರೊಬ್ಬರು, ದಾವಣಗೆರೆ