ಮುಂದಿನ ಸಲ ವಿಮಾನ ಸಿಬ್ಬಂದಿಯ ಹೆಸರೂ ಪಟ್ಟಿಯಲ್ಲಿರಲಿ

ಮಾನ್ಯ ಸಂಪಾದಕರೇ,

ನಮ್ಮ ಮನೆ ಬಜ್ಪೆಯಲ್ಲಿ, ಮಂಗಳೂರು ವಿಮಾನ ನಿಲ್ದಾಣದ ಹತ್ತಿರ. ಇಲ್ಲಿಯವರಿಗೆ ವಿಮಾನದ ಸದ್ದೇ ಗಡಿಯಾರ. 2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ಆ ಸದ್ದು ನಿಂತುಹೋಯಿತು. ಮೇ 12ರ ರಾತ್ರಿ ದುಬೈನಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಂದಾಗ ನಾವೆಲ್ಲ ಅಂಗಳಕ್ಕೆ ಬಂದು ಮೇಲೆ ನೋಡುತ್ತಾ ನಿಂತಿದ್ದೆವು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆಯಲ್ಲಿ ಮಂಗಳೂರಿಗೆ ಬಂದ ಮೊದಲ ವಿಮಾನ ಅದು.

ಅದೇ ತಿಂಗಳು ಇನ್ನೊಂದು ವಿಮಾನದಲ್ಲಿ ನನ್ನ ತಂಗಿ ಬಂದಳು. ಆಗ ಅವಳು ಏಳು ತಿಂಗಳ ಬಸುರಿ. ಗಂಡನಿಗೆ ಜೊತೆಯಲ್ಲಿ ಬರಲು ಆಗಿರಲಿಲ್ಲ. ತಿಂಡಿಯ ಪೊಟ್ಟಣ ಮೊದಲೇ ಸೀಟಿನ ಮೇಲಿತ್ತು, ಯಾರೂ ಹತ್ತಿರ ಬರುವ ಹಾಗಿರಲಿಲ್ಲ. ಆದರೂ ಪಿಪಿಇ ಸೂಟ್ ಹಾಕಿದ್ದ ಗಗನಸಖಿಯೊಬ್ಬಳು ಎರಡೆರಡು ಸಲ ಬಂದು "ಕಾಲು ಬಾತುಕೊಂಡಿದೆಯಾ ಅಕ್ಕ? ಸ್ವಲ್ಪ ಎದ್ದು ನಿಲ್ಲಿ" ಅಂದಳಂತೆ. ಆ ಸಿಬ್ಬಂದಿ ಖಾಲಿ ವಿಮಾನದಲ್ಲಿ ಕೊಲ್ಲಿಗೆ ಹೋಗಿ, ಅಲ್ಲಿ ಕೆಳಗಿಳಿಯದೆ ಜನರನ್ನು ಹತ್ತಿಸಿಕೊಂಡು, ಅದೇ ದಿನ ವಾಪಸ್ ಬರುತ್ತಿದ್ದರು. ಆಮೇಲೆ ಗಂಟಲು ದ್ರವದ ಪರೀಕ್ಷೆ. ಮನೆಯಲ್ಲೂ ಮಕ್ಕಳಿಂದ ದೂರ.

ಆದರೆ ಅವರನ್ನು ನಾವು ಹೇಗೆ ನಡೆಸಿಕೊಂಡೆವು? ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. 2020ರ ಜನವರಿ 31ರಂದು, ಈ ರೋಗಕ್ಕೆ ಇನ್ನೂ ಸರಿಯಾಗಿ ಹೆಸರೇ ಇಲ್ಲದಿದ್ದಾಗ, ಏರ್ ಇಂಡಿಯಾದ ಜಂಬೊ ವಿಮಾನ ದೆಹಲಿಯಿಂದ ಚೀನಾದ ವುಹಾನ್‌ಗೆ ಹೋಯಿತು. ಮಾರನೇ ದಿನ 324 ಜನರನ್ನು ಕರೆತಂದಿತು. ಮರುದಿನವೇ ಇನ್ನೊಮ್ಮೆ ಹೋಗಿಬಂದಿತು. ಎರಡು ತಿಂಗಳು ಕಳೆಯುವುದರೊಳಗೆ ಅದೇ ಸಂಸ್ಥೆ ಒಂದು ಹೇಳಿಕೆ ಕೊಡಬೇಕಾಯಿತು. ನಮ್ಮ ಸಿಬ್ಬಂದಿಯನ್ನು ಅಕ್ಕಪಕ್ಕದವರು, ವಸತಿ ಸಂಘದವರು ದೂರ ಇಡುತ್ತಿದ್ದಾರೆ, ಕೆಲಸಕ್ಕೆ ಹೋಗಲು ಅಡ್ಡಿ ಮಾಡುತ್ತಿದ್ದಾರೆ, ಪೊಲೀಸರನ್ನೂ ಕರೆಸುತ್ತಿದ್ದಾರೆ ಎಂದು. ನಮಗೆ ಪರಿಚಯದ ಹುಡುಗಿಯೊಬ್ಬಳಿಗೂ ಅವಳಿದ್ದ ಕಟ್ಟಡದವರು ಲಿಫ್ಟ್ ಬಳಸಬೇಡ ಎಂದಿದ್ದರು. ಡ್ಯೂಟಿ ಮುಗಿಸಿ ಬಂದು, ಸೂಟ್‌ಕೇಸ್ ಹಿಡಿದುಕೊಂಡು ನಾಲ್ಕು ಮಹಡಿ ಹತ್ತುತ್ತಿದ್ದಳು. ನಮ್ಮವರನ್ನು ಕರೆತರಲು ಅವಳು ಬೇಕು, ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ಬೇಡ!

ಹೀಗೆ ಇಲ್ಲದ ಜನರೂ ಇದ್ದರು. ವಂದೇ ಭಾರತ್ ಶುರುವಾದದ್ದು ಮೇ 7ಕ್ಕೆ. ಸರಿಯಾಗಿ ಮೂರು ತಿಂಗಳಿಗೆ, ಆಗಸ್ಟ್ 7ರ ರಾತ್ರಿ, ದುಬೈನಿಂದ 190 ಜನರನ್ನು ಹೊತ್ತು ಬಂದ ವಿಮಾನ ಕೋಯಿಕ್ಕೋಡ್‌ನಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. 21 ಮಂದಿ ತೀರಿಕೊಂಡರು. ಪೈಲಟ್ ದೀಪಕ್ ಸಾಠೆ, ಸಹ ಪೈಲಟ್ ಅಖಿಲೇಶ್ ಕುಮಾರ್ ಇಬ್ಬರೂ ಅವರಲ್ಲಿ ಸೇರಿದ್ದರು. ನಿಲ್ದಾಣದ ಪಕ್ಕದ ಕೊಂಡೋಟಿಯ ಜನ ಆ ಮಳೆಯಲ್ಲಿ ಓಡಿ ಹೋಗಿ ಗಾಯಾಳುಗಳನ್ನು ಎತ್ತಿಕೊಂಡು ಬಂದರು. ಯಾರಿಗೆ ಕೊರೊನಾ ಇದೆ, ಯಾರಿಗಿಲ್ಲ ಎಂದು ಕೇಳುತ್ತಾ ನಿಲ್ಲಲಿಲ್ಲ. ಆಮೇಲೆ ತಾವೇ ಕ್ವಾರಂಟೈನ್‌ಗೆ ಹೋದರು. ಆ ಸುದ್ದಿ ಕೇಳಿದ ರಾತ್ರಿ ಬಜ್ಪೆಯಲ್ಲಿ ಸುಮಾರು ಮನೆಗಳಲ್ಲಿ ನಿದ್ದೆ ಇರಲಿಲ್ಲ. ನಮ್ಮದೂ ಅಂಥದೇ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರಂದು ಇಲ್ಲಿ ವಿಮಾನ ದುರಂತದಲ್ಲಿ ಹೋದ 158 ಜೀವಗಳನ್ನು ನಾವು ಮರೆತಿಲ್ಲ.

ಹಳೆಯದನ್ನು ಕೆದಕುವುದಷ್ಟೇ ನನ್ನ ಉದ್ದೇಶವಲ್ಲ. ಒಂದು ಕೋರಿಕೆ ಇದೆ. ಕಾಫಿ ಕೊಡುವುದು, ನಗುವುದು ಇಷ್ಟೇ ಗಗನಸಖಿಯರ ಕೆಲಸ ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಅವರಿಗೆ ಪ್ರಥಮ ಚಿಕಿತ್ಸೆ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಬದುಕಿಸುವುದು), ಆಕ್ಸಿಜನ್ ಕೊಡುವುದು, ಬೆಂಕಿ ನಂದಿಸುವುದು, ಗಾಬರಿಯಾದವರನ್ನು ಸಮಾಧಾನ ಮಾಡುವುದು ಎಲ್ಲ ಕಲಿಸಿರುತ್ತಾರೆ. ಆಗಾಗ ಮತ್ತೆ ಪರೀಕ್ಷೆಯೂ ಇರುತ್ತದೆ. ಸ್ವೀಡನ್ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿತು. 2020ರಲ್ಲಿ ಎಸ್‌ಎಎಸ್ ವಿಮಾನ ಸಂಸ್ಥೆಯಲ್ಲಿ ಕೆಲಸವಿಲ್ಲದೆ ಕುಳಿತವರಿಗೆ ಸ್ಟಾಕ್‌ಹೋಮ್‌ನ ಸೋಫಿಯಾಹೆಮೆಟ್ ಎಂಬ ಕಾಲೇಜು ಮೂರ್ನಾಲ್ಕು ದಿನಗಳ ತರಬೇತಿ ಕೊಟ್ಟಿತು. ಮೊದಲ ತಂಡದಲ್ಲಿ 30 ಮಂದಿ. ಹಾಸಿಗೆ ಸಿದ್ಧ ಮಾಡುವುದು, ಉಪಕರಣ ಶುಚಿ ಮಾಡುವುದು, ರೋಗಿಯ ಮನೆಯವರಿಗೆ ವಿಷಯ ತಿಳಿಸುವುದು, ಇಂಥ ಕೆಲಸಗಳನ್ನು ಅವರು ವಹಿಸಿಕೊಂಡರೆ ನರ್ಸ್‌ಗಳು ತಮ್ಮ ಕೆಲಸ ನೋಡಿಕೊಳ್ಳಬಹುದು ಎಂಬುದು ಅವರ ಲೆಕ್ಕಾಚಾರ.

ಬ್ರಿಟನ್ನಿನಲ್ಲಿ ನಡೆದದ್ದು ನನಗೆ ಇನ್ನೂ ಇಷ್ಟವಾಯಿತು. ಅಲ್ಲಿ ಪೈಲಟ್‌ಗಳು ಸೇರಿ ಪ್ರಾಜೆಕ್ಟ್ ವಿಂಗ್‌ಮನ್ ಎಂಬ ತಂಡ ಕಟ್ಟಿದರು. ಬೇರೆ ಬೇರೆ ಕಂಪನಿಗಳ ಸಿಬ್ಬಂದಿ ತಮ್ಮ ತಮ್ಮ ಸಮವಸ್ತ್ರದಲ್ಲೇ ಆಸ್ಪತ್ರೆಗಳಿಗೆ ಹೋಗಿ, ಒಂದು ಕೋಣೆಯನ್ನು ವಿಮಾನದ ಲೌಂಜ್ ಥರ ಮಾಡಿ, ದಣಿದ ಡಾಕ್ಟರ್, ನರ್ಸ್‌ಗಳಿಗೆ ಟೀ ಕೊಟ್ಟು ಕೂರಿಸಿದರು. ದಣಿವು ಎಷ್ಟು ಅಪಾಯ ಎಂದು ಪೈಲಟ್‌ಗಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಅವರ ಡ್ಯೂಟಿಗೆ ಗಂಟೆಗಳ ಮಿತಿ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಯ ನರ್ಸ್‌ಗಳಿಗೆ ಅಂಥದೊಂದು ಕುರ್ಚಿ, ಅಂಥದೊಂದು ಲೋಟ ಟೀ ಆಗ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ನಮ್ಮ ರಾಜ್ಯದಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ, ಗೃಹರಕ್ಷಕ ದಳ ಇದೆ. ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುವವರಲ್ಲಿ, ಮುಂದೆ ಇಂಥ ಕಷ್ಟ ಬಂದಾಗ ನೆರವಾಗಲು ಮನಸ್ಸಿರುವವರ ಹೆಸರನ್ನು ಈಗಲೇ ಬರೆಸಿಕೊಳ್ಳಬಹುದು. ವರ್ಷಕ್ಕೆ ಮೂರು ದಿನ ಜಿಲ್ಲಾಸ್ಪತ್ರೆಯಲ್ಲಿ ತರಬೇತಿ ಕೊಡಬಹುದು. ಮಂಗಳೂರು, ಬೆಂಗಳೂರು ಎರಡು ಕಡೆ ಶುರು ಮಾಡಿದರೂ ಸಾಕು.

ಆದರೆ ಕೊಡುವುದನ್ನೂ ಕೊಡಬೇಕು. 2021ರ ಜನವರಿಯಲ್ಲಿ ಲಸಿಕೆ ಶುರುವಾದಾಗ ಮೊದಲ ಸಾಲಿನಲ್ಲಿ ಆಸ್ಪತ್ರೆಯವರು, ಪೊಲೀಸರು, ಪೌರಕಾರ್ಮಿಕರು ಇದ್ದರು. ಅದು ಸರಿಯೇ. ವಿಮಾನದವರು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಆ ಮೇ ತಿಂಗಳಲ್ಲಿ ಏರ್ ಇಂಡಿಯಾದ ಪೈಲಟ್‌ಗಳು ಲಸಿಕೆ ಕೊಡದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದು ಹೇಳಬೇಕಾಗಿ ಬಂತು. ಆ ಜುಲೈವರೆಗೆ ಆ ಒಂದೇ ಸಂಸ್ಥೆಯ 56 ನೌಕರರು ಕೋವಿಡ್‌ನಿಂದ ತೀರಿಕೊಂಡಿದ್ದರು ಎಂದು ಸಂಸತ್ತಿನಲ್ಲಿ ಸರ್ಕಾರವೇ ಹೇಳಿದೆ.

ಇದರಲ್ಲಿ ಸಾಮಾನು ಹೊರುವ ಲೋಡರ್‌ಗಳು, ಪ್ರತಿ ವಿಮಾನ ಖಾಲಿಯಾದ ಮೇಲೆ ಒಳಗೆ ಹೋಗಿ ಸೀಟು ಒರೆಸುವವರ ಮಾತನ್ನು ಯಾರೂ ಎತ್ತುವುದಿಲ್ಲ. ಜಾಸ್ತಿ ಮಂದಿ ಗುತ್ತಿಗೆಯವರು, ನಮ್ಮ ಸುತ್ತಮುತ್ತಲಿನ ಊರಿನವರೇ. ಆರೋಗ್ಯ ಕಾರ್ಯಕರ್ತರಿಗೆ ಸರ್ಕಾರ ಆಗ 50 ಲಕ್ಷ ರೂಪಾಯಿ ವಿಮೆ ಮಾಡಿಸಿತ್ತು. ಮುಂದಿನ ಸಲ ಅಂಥ ವಿಮೆಯಲ್ಲಿ ಪೈಲಟ್‌ನಿಂದ ಹಿಡಿದು ಸೀಟು ಒರೆಸುವವರ ತನಕ ಎಲ್ಲರ ಹೆಸರೂ ಇರಬೇಕು. ಅದನ್ನು ಈಗಲೇ ಆದೇಶದಲ್ಲಿ ಬರೆದಿಡಿ ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗಿ, ಬಜ್ಪೆ, ದಕ್ಷಿಣ ಕನ್ನಡ