ಹಿಂದಿನ ದೀಪಕ್ಕೆ ಕಪ್ಪು ಫಿಲ್ಮ್: ಮಳೆಗಾಲಕ್ಕೆ ಮೊದಲು ತಡೆಯಬೇಕು

ಮಾನ್ಯ ಸಂಪಾದಕರೇ,

ನಾನು ಸಕಲೇಶಪುರದಲ್ಲಿ ವಾಹನಗಳ ವೈರಿಂಗ್, ಬ್ಯಾಟರಿ ಮತ್ತು ದೀಪಗಳ ಕೆಲಸ ಮಾಡುವವನು. ಶಿರಾಡಿ ಘಾಟಿ ಇಳಿಯುವ ಮುಂಚೆ ಹೆಡ್‌ಲೈಟ್ ಹತ್ತುತ್ತಿಲ್ಲ, ವೈಪರ್ ನಿಂತುಹೋಗಿದೆ ಎಂದು ಗಾಡಿ ನಿಲ್ಲಿಸುವವರು ನನ್ನ ಗಿರಾಕಿಗಳು. ಕೆಲವು ವರ್ಷಗಳಿಂದ ನನ್ನ ಅಂಗಡಿ ಮುಂದೆ ನಿಲ್ಲುವ ಕಾರುಗಳಲ್ಲಿ ಒಂದು ಸಂಗತಿ ಹೆಚ್ಚುತ್ತಿದೆ. ಹಿಂದಿನ ದೀಪಗಳ ಮೇಲೆ ಹೊಗೆಬಣ್ಣದ ಫಿಲ್ಮ್ ಅಂಟಿಸಿಕೊಂಡು ಬರುತ್ತಾರೆ. ಇದನ್ನು ‘ಸ್ಮೋಕ್’ ಮಾಡಿಸುವುದು ಎನ್ನುತ್ತಾರೆ. ಹೊಸ ಕಾರು ತಂದ ವಾರದಲ್ಲೇ ಮಾಡಿಸಿದವರಿದ್ದಾರೆ. ಸುಣ್ಣ ಬಳಿಯುವಷ್ಟು ಸುಲಭವಾಗಿ ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣವನ್ನೇ ಹೊಡೆಸಿಕೊಂಡವರೂ ಇದ್ದಾರೆ. ಈ ಚಾಳಿ ಎಷ್ಟು ಅಪಾಯಕಾರಿ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೂ ಸಾರಿಗೆ ಇಲಾಖೆಗೂ ಪೊಲೀಸರಿಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ದೀಪಕ್ಕೆ ಅಂಟಿಸುವ ಎಲ್ಲ ಫಿಲ್ಮ್ ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ಈಗಿನ ಹೆಡ್‌ಲೈಟ್‌ಗಳ ಡೂಮ್, ಅಂದರೆ ದೀಪದ ಹೊರಗಿನ ಹೊದಿಕೆ, ಗಾಜಿನದ್ದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದ್ದು. ಕಲ್ಲು ಬಡಿದರೆ ಗಾಜಿನಂತೆ ಒಡೆಯುವುದಿಲ್ಲ, ಹಗುರವೂ ಹೌದು. ಆದರೆ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ಶತ್ರು. ಕಾರ್ಖಾನೆಯಲ್ಲಿ ಹಚ್ಚಿದ ರಕ್ಷಣಾ ಲೇಪ ಸವೆದ ಮೇಲೆ ಡೂಮ್ ಹಳದಿಯಾಗುತ್ತದೆ, ಮಬ್ಬಾಗುತ್ತದೆ. ಪೂರ್ತಿ ಪಾರದರ್ಶಕವಾದ ಪಾಲಿಯುರೆಥೇನ್ ಫಿಲ್ಮ್ ಅನ್ನು ಹೊಸ ಡೂಮಿಗೆ ಸರಿಯಾಗಿ ಅಂಟಿಸಿದರೆ ಈ ಹಾನಿಯೂ, ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿಕಲ್ಲಿನ ಗೀರುಗಳೂ ಕಡಿಮೆಯಾಗುತ್ತವೆ. ಅದು ಉಪಯೋಗದ ಕೆಲಸ. ಆದರೆ ಈಗಾಗಲೇ ಹಳದಿಯಾದ ಡೂಮಿನ ಮೇಲೆ ಅದನ್ನು ಅಂಟಿಸಿ ಹಣ ಪಡೆಯುವವರನ್ನು ನಂಬಬೇಡಿ. ಮಬ್ಬು ಒಳಗೇ ಉಳಿಯುತ್ತದೆ. ಮೊದಲು ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಒರಟಿನಿಂದ ನಯಕ್ಕೆ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಹೊಳಪು ಬಂದ ಮೇಲೆ ಫಿಲ್ಮ್ ಹಾಕಬೇಕು.

ನನ್ನ ತಕರಾರು ಬಣ್ಣದ ಫಿಲ್ಮ್ ಬಗ್ಗೆ, ಅದರಲ್ಲೂ ಹಿಂದಿನ ದೀಪದ ಕಪ್ಪು ಫಿಲ್ಮ್ ಬಗ್ಗೆ.

ಕಳೆದ ಮಳೆಗಾಲದಲ್ಲಿ ಕಾಫಿ ತೋಟದ ಮನೆಯ ಒಬ್ಬ ಯುವಕ ಕಾರು ತಂದು ನಿಲ್ಲಿಸಿದ. “ಅಣ್ಣಾ, ಬ್ರೇಕ್ ಲೈಟಿನಲ್ಲಿ ಏನೋ ತೊಂದರೆ ಇದೆ. ಹಿಂದಿನವರೆಲ್ಲ ತೀರಾ ಹತ್ತಿರ ಬಂದು ಬ್ರೇಕ್ ಹೊಡೆಯುತ್ತಾರೆ, ಹಾರ್ನ್ ಮಾಡಿ ಬೈಯುತ್ತಾರೆ” ಎಂದ. ಬಲ್ಬು ತೆಗೆದು ನೋಡಿದೆ, ಸರಿಯಾಗಿತ್ತು. ಹೋಲ್ಡರಿನಲ್ಲಿ ತುಕ್ಕು ಇರಲಿಲ್ಲ. ಅರ್ತ್ ಬಿಗಿಯಾಗಿತ್ತು. ಬ್ರೇಕ್ ಪೆಡಲ್ ಒತ್ತಿದ ತಕ್ಷಣ ಸ್ವಿಚ್ ಕೆಲಸ ಮಾಡುತ್ತಿತ್ತು, ಬಲ್ಬಿಗೆ 12 ವೋಲ್ಟ್ ಪೂರ್ತಿ ಬರುತ್ತಿತ್ತು. ವೈರಿಂಗಿನಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ತೊಂದರೆ ಇದ್ದದ್ದು ಹೊರಗಿನ ಡೂಮಿಗೆ ಅಂಟಿದ್ದ ಫಿಲ್ಮಿನಲ್ಲಿ. ಅವನ ಒಪ್ಪಿಗೆ ಪಡೆದು ಎಡಗಡೆಯ ದೀಪದ ಫಿಲ್ಮ್ ಮಾತ್ರ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ ಬಿಡಿಸಿದೆ. ನನ್ನ ಹುಡುಗನನ್ನು ಬ್ರೇಕ್ ಒತ್ತಿಕೊಂಡು ಕೂರಲು ಹೇಳಿ, ನಾವಿಬ್ಬರೂ ರಸ್ತೆಯ ಅಂಚಿನಲ್ಲೇ ಹಿಂದಕ್ಕೆ ನಡೆಯುತ್ತಾ ಹೋದೆವು. ಅಂದು ಮಧ್ಯಾಹ್ನವೇ ಮಂಜು ಇಳಿದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಲಗಡೆಯ ದೀಪ ಹತ್ತಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ಎಡಗಡೆಯದ್ದು ಕೆಂಪಗೆ ನಿಚ್ಚಳವಾಗಿ ಕಾಣುತ್ತಿತ್ತು. ಇನ್ನೊಂದನ್ನೂ ತೆಗೆಯಿರಿ ಎಂದು ಅವನೇ ಹೇಳಿದ.

ಫಿಲ್ಮ್ ಅಂಟಿಸುವ ಅಂಗಡಿಯವರು ಗಿರಾಕಿಗೆ ದೀಪ ತೋರಿಸುವುದು ಅಂಗಡಿಯೊಳಗೆ, ಐದಾರು ಅಡಿ ದೂರದಿಂದ. ಅಷ್ಟು ಹತ್ತಿರದಿಂದ ಎಂಥ ದೀಪವೂ ಚೆನ್ನಾಗಿಯೇ ಕಾಣುತ್ತದೆ. ಕಾರಿನ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಿಸಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ಹೇಳುತ್ತದೆ. ಸುಮ್ಮನೆ ಬರೆದ ಅಂಕಿ ಅದಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, ಅಂದರೆ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು. ಮುಂದಿನವನು ಬ್ರೇಕ್ ಹಾಕಿದ್ದನ್ನು ಹಿಂದಿನವನು ಒಂದು ಸೆಕೆಂಡ್ ತಡವಾಗಿ ಗುರುತಿಸಿದರೆ ಅಷ್ಟು ರಸ್ತೆ ಕೈಬಿಟ್ಟು ಹೋದಂತೆ. ಅದೂ ನಮ್ಮ ಘಾಟಿಯಲ್ಲಿ ಹಿಂದೆ ಬರುವವನು ಯಾರು? ಮಂಗಳೂರಿನಿಂದ ಅನಿಲ ತುಂಬಿಕೊಂಡು ಬರುವ ಬುಲೆಟ್ ಟ್ಯಾಂಕರ್, ಬಂದರಿಗೆ ಹೋಗುವ ಕಂಟೇನರ್ ಲಾರಿ. ಒದ್ದೆ ರಸ್ತೆಯಲ್ಲಿ ಅವರಿಗೆ ಒಂದೊಂದು ಮೀಟರೂ ಬೇಕು.

ಸಾಧಾರಣ ಬಲ್ಬಿನ ದೀಪದಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ. ರಾತ್ರಿಯಿಡೀ ಉರಿಯುವುದು 5 ವ್ಯಾಟಿನದ್ದು, ಬ್ರೇಕ್ ಒತ್ತಿದಾಗ ಹತ್ತುವುದು 21 ವ್ಯಾಟಿನದ್ದು. ಹಿಂದಿನವನ ಕಣ್ಣು ಎಚ್ಚರಗೊಳ್ಳುವುದು ಈ ಎರಡರ ನಡುವಿನ ಜಿಗಿತದಿಂದ. ಫಿಲ್ಮ್ ಎರಡನ್ನೂ ಕುಗ್ಗಿಸುತ್ತದೆ. ರಾತ್ರಿ ಸಣ್ಣ ತಂತಿಯ ಬೆಳಕು ಮಳೆಯಲ್ಲಿ ಕಳೆದುಹೋಗುತ್ತದೆ. ಹಗಲಿನ ಬಿಸಿಲಿನಲ್ಲಿ ದೊಡ್ಡ ತಂತಿ ಹತ್ತಿದ್ದೂ ಗೊತ್ತಾಗುವುದಿಲ್ಲ. ಇಂಡಿಕೇಟರಿನ ಕಥೆ ಇನ್ನೂ ಕೆಟ್ಟದ್ದು. ಕಿತ್ತಳೆ ಬೆಳಕು ಕಪ್ಪು ಫಿಲ್ಮ್ ದಾಟಿ ಬರುವಾಗ ಮಂಕಾಗುತ್ತದೆ. ತೋಟದ ಗೇಟಿನ ಕಡೆಗೆ ಬಲಕ್ಕೆ ತಿರುಗುವ ಕಾರನ್ನು ಹಿಂದಿಕ್ಕಲು ಹೊರಟ ಬೈಕಿನವನಿಗೆ ಅದು ಕಾಣದಿದ್ದರೆ ತಪ್ಪು ಅವನದ್ದೆನ್ನಲು ಸಾಧ್ಯವೇ?

ಇನ್ನೊಂದು ಸಂಗತಿಯನ್ನು ಫಿಲ್ಮ್ ಅಂಟಿಸುವವರು ಯಾರೂ ಹೇಳುವುದಿಲ್ಲ. ಹಲವು ಕಾರುಗಳಲ್ಲಿ ಹಿಂದಿನ ದೀಪದ ಡೂಮಿನೊಳಗೇ ಸಣ್ಣ ಸಣ್ಣ ಹರಳುಗಳಿರುವ ಒಂದು ಪಟ್ಟಿ ಇರುತ್ತದೆ. ಅದು ರಿಫ್ಲೆಕ್ಟರ್. ಅದಕ್ಕೆ ಬಲ್ಬು ಬೇಡ, ಬ್ಯಾಟರಿ ಬೇಡ. ಹಿಂದೆ ಬರುವ ವಾಹನದ ಬೆಳಕನ್ನೇ ಅದು ಹಿಂದಕ್ಕೆ ಕಳುಹಿಸುತ್ತದೆ. ಕಾರು ಕೆಟ್ಟು ಬ್ಯಾಟರಿ ಸತ್ತು ಕತ್ತಲೆಯ ತಿರುವಿನಲ್ಲಿ ನಿಂತಾಗ ಅದೊಂದೇ ದಿಕ್ಕು. ಬಲ್ಬಿನ ಬೆಳಕು ಫಿಲ್ಮನ್ನು ಒಂದು ಸಲ ದಾಟಿದರೆ ಸಾಕು, ರಿಫ್ಲೆಕ್ಟರಿನ ಬೆಳಕು ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಮತ್ತೊಂದು ಸಲ ದಾಟಬೇಕು. ಅರ್ಧ ಬೆಳಕನ್ನು ಬಿಡುವ ಫಿಲ್ಮ್ ಹಾಕಿದರೆ ರಿಫ್ಲೆಕ್ಟರಿನಿಂದ ಉಳಿಯುವುದು ಕಾಲು ಭಾಗ. ಶೇ 30ರಷ್ಟು ಬಿಡುವ ಗಾಢ ಫಿಲ್ಮ್ ಆದರೆ ಬರೀ ಶೇ 9. ದೋಣಿಗಾಲ್, ದೊಡ್ಡತಪ್ಪಲು ಕಡೆ ಗುಡ್ಡ ಕುಸಿದು ಗಂಟೆಗಟ್ಟಲೆ ವಾಹನಗಳು ಸಾಲುಗಟ್ಟಿ ನಿಲ್ಲುವುದನ್ನು ನಾವು ನೋಡಿದ್ದೇವೆ. ಇಂಥ ಸಾಲಿನ ಕೊನೆಯಲ್ಲಿ ದೀಪ ಆರಿಸಿ ನಿಂತ ಕಪ್ಪು ಡೂಮಿನ ಕಾರನ್ನು ನೆನೆದರೆ ನನಗೆ ಭಯವಾಗುತ್ತದೆ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳ ಟ್ರೇಲರಿಗೆ ಹೊಳೆಯುವ ಟೇಪ್ ಅಂಟಿಸಿರಿ ಎಂದು ಪೊಲೀಸರು ರೈತರನ್ನು ಬೇಡಿಕೊಳ್ಳುತ್ತಾರೆ. ಇಲ್ಲಿ ಕಂಪನಿಯೇ ಕೊಟ್ಟ ರಿಫ್ಲೆಕ್ಟರನ್ನು ಕಾಸು ಕೊಟ್ಟು ಮುಚ್ಚಿಸಿಕೊಳ್ಳುತ್ತಿದ್ದಾರೆ.

ಮುಂದಿನ ದೀಪಕ್ಕೆ ಹಳದಿ ಫಿಲ್ಮ್ ಹಾಕಿಸುವವರ ವಾದವೇ ಬೇರೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎನ್ನುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚದುರಿಸುತ್ತದೆ. ಮಂಜು ನಮಗೆ ಬೆಳ್ಳಗೆ ಕಾಣುವುದು ಅದಕ್ಕೇ. ಫಾಗ್ ಲ್ಯಾಂಪ್ ಕೆಲಸಕ್ಕೆ ಬರುವುದು ಅದನ್ನು ಬಂಪರಿನ ಕೆಳಭಾಗದಲ್ಲಿ ಕೂರಿಸಿ ಬೆಳಕು ಮೇಲೇಳದಂತೆ ಅಗಲವಾಗಿ ಹರಡಿಸಿರುವುದರಿಂದ. ಫ್ರಾನ್ಸಿನಲ್ಲಿ 1993ರವರೆಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು ಎಂದು ಹುಡುಗರು ಮೊಬೈಲ್ ತೆಗೆದು ತೋರಿಸುತ್ತಾರೆ. ನಿಜ. ಆ ದೇಶವೇ ಅದನ್ನು ಕೈಬಿಟ್ಟದ್ದೂ ನಿಜ. ಮಂಜಿನಲ್ಲಿ ಡಿಮ್ ಹಾಕಿಕೊಂಡು ನಿಧಾನಕ್ಕೆ ಹೋಗುವವನಿಗೆ ಹಳದಿ ಫಿಲ್ಮಿನಿಂದ ಸಿಗುವುದು ಮೊದಲಿಗಿಂತ ಕಡಿಮೆ ಬೆಳಕು, ಅಷ್ಟೇ.

ನಮ್ಮ ಹಿರಿಯ ಚಾಲಕರೂ ದೀಪಕ್ಕೆ ಬಣ್ಣ ಬಳಿಯುತ್ತಿದ್ದರು. ಹಳೆಯ ಲಾರಿ, ಬಸ್ಸು, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಪಟ್ಟಿ, ಇಲ್ಲವೇ ನಡುವೆ ಕಪ್ಪು ಬೊಟ್ಟು ಇರುತ್ತಿದ್ದುದನ್ನು ಐವತ್ತು ದಾಟಿದ ಓದುಗರು ಬಲ್ಲರು. ಎದುರಿನಿಂದ ಬರುವವನ ಕಣ್ಣಿಗೆ ಬೆಳಕು ಕುಕ್ಕಬಾರದು ಎಂಬುದು ಅದರ ಉದ್ದೇಶ. ತಾನು ಸ್ವಲ್ಪ ಬೆಳಕು ಕಳೆದುಕೊಂಡರೂ ಸರಿ, ಎದುರಿನವನಿಗೆ ರಸ್ತೆ ಕಾಣಲಿ ಎಂದು ಬಳಿದ ಬಣ್ಣ ಅದು. ಈಗಿನ ಕಪ್ಪು ಫಿಲ್ಮಿನಿಂದ ಕಾರಿನ ಒಡೆಯನಿಗೆ ಅಂದ, ಕಷ್ಟವೆಲ್ಲ ಹಿಂದಿನವನಿಗೆ. ಇದು ನನಗೆ ತೀವ್ರವಾಗಿ ನೋವುಂಟುಮಾಡುವ ಸಂಗತಿ.

ಕಿಟಕಿ ಗಾಜಿನ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಬಂದದ್ದು ಹೇಗೆ? ಮುಂದಿನ ಮತ್ತು ಹಿಂದಿನ ಗಾಜು ಶೇ 70, ಪಕ್ಕದ ಗಾಜು ಶೇ 50ರಷ್ಟು ಬೆಳಕು ಬಿಡಬೇಕು ಎಂಬ ನಿಯಮ ಮೊದಲೇ ಇತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದ ಮೇಲೆ ಪೊಲೀಸರು ರಸ್ತೆಯಲ್ಲೇ ನಿಲ್ಲಿಸಿ ಕೀಳಿಸಿದರು, ಪತ್ರಿಕೆಗಳು ಬರೆದವು. ದೀಪದ ಫಿಲ್ಮಿಗೆ ಆ ಗಮನ ಸಿಕ್ಕಿಲ್ಲ. ಗಾಜು ನೋಡಿ ದಂಡ ಹಾಕುವ ಪೊಲೀಸರು ಕಪ್ಪಾದ ಬ್ರೇಕ್ ಲೈಟ್ ನೋಡಿಯೂ ಬಿಡುತ್ತಾರೆ. ಟ್ಯಾಕ್ಸಿ, ಲಾರಿಗಳಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ (ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ಹೋಗಬೇಕು, ಅಲ್ಲಿ ದೀಪ ನೋಡುತ್ತಾರೆ. ಸ್ವಂತ ಬಳಕೆಯ ಕಾರಿಗೆ 15 ವರ್ಷಗಳ ಕಾಲ ಎಫ್‌ಸಿ ಎಂಬುದೇ ಇಲ್ಲ. ಫಿಲ್ಮ್ ಅಂಟಿಸುವವರು ಹೆಚ್ಚಾಗಿ ಈ ಕಾರಿನವರೇ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿದೆ. ದೀಪದ ಫಿಲ್ಮಿಗೆ ಯಾವ ಕಲಮು, ಎಷ್ಟು ದಂಡ ಎಂಬುದನ್ನು ಸಾರಿಗೆ ಇಲಾಖೆ ಒಂದು ಸುತ್ತೋಲೆಯಲ್ಲಿ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ರಸ್ತೆಯಲ್ಲಿ ನಿಲ್ಲಿಸಿದ ಪೇದೆಗೂ ಗೊಂದಲ, ಕಾರಿನವನಿಗೂ ವಾದ ಮಾಡಲು ಅವಕಾಶ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಘಾಟಿಯ ಮೇಲೆ ಮಾರನಹಳ್ಳಿ ಕಡೆ, ಕೆಳಗೆ ಗುಂಡ್ಯದ ಕಡೆ ನಿಂತು ತಪಾಸಣೆ ಮಾಡಬೇಕು. ಅದಕ್ಕೆ ಯಂತ್ರವೇನೂ ಬೇಡ. ಚಾಲಕನಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ಹೋಗಿ ನಿಂತು ನೋಡಿದರೆ ಸಾಕು. ಚಾರ್ಮಾಡಿ, ಆಗುಂಬೆ ಘಾಟಿಗಳಿಗೂ ಇದೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಬಿಡಿಭಾಗ ಮಾರುವ ವ್ಯಾಪಾರಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ಗಿರಾಕಿ ಕೇಳಿದರೂ ದೀಪಕ್ಕೆ ಕಪ್ಪು ಫಿಲ್ಮ್ ಅಂಟಿಸಿಕೊಡಬೇಡಿ. ಪಾರದರ್ಶಕ ಫಿಲ್ಮಿನಲ್ಲೂ ನಿಮಗೆ ಲಾಭವಿದೆ.

ಈಗಾಗಲೇ ಅಂಟಿಸಿಕೊಂಡವರು ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯಬೇಡಿ, ಡೂಮ್ ಗೀರಿಹೋಗುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು, ಒಂದು ಮೂಲೆಯಿಂದ ನಿಧಾನವಾಗಿ ಎಳೆದರೆ ಫಿಲ್ಮ್ ಬಿಟ್ಟುಕೊಳ್ಳುತ್ತದೆ. ಉಳಿದ ಅಂಟನ್ನು ಸೋಪು ನೀರಿನಿಂದಲೇ ತಿಕ್ಕಿ ತೆಗೆಯಿರಿ. ಪೆಟ್ರೋಲ್, ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯ ಬಿರುಕುಗಳೇಳುತ್ತವೆ. ಸ್ಪ್ರೇ ಹೊಡೆಸಿದವರಿಗೆ ಮಾತ್ರ ಉಜ್ಜಿ ಪಾಲಿಶ್ ಮಾಡಿಸದೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಮಾಡಲು ಹಿಂಜರಿಯುವವರು ಹತ್ತಿರದ ಎಲೆಕ್ಟ್ರಿಷಿಯನ್ ಬಳಿಗೆ ಹೋಗಲಿ. ಸಕಲೇಶಪುರದಲ್ಲಿ ನನ್ನ ಅಂಗಡಿಗೆ ತಂದರೆ ಹಿಂದಿನ ದೀಪದ ಫಿಲ್ಮ್ ತೆಗೆದುಕೊಡಲು ನಾನು ಹಣ ಪಡೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಟೋ ಎಲೆಕ್ಟ್ರಿಷಿಯನ್, ಸಕಲೇಶಪುರ