ಶಬ್ದ ಕೇಳುವ ಮುಂಚೆ ಮೀಟರ್ ಹಿಡಿ

ಚಿ. ಪಲ್ಲವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಹಾಸ್ಟೆಲ್ ಊಟ ಹೊಂದಿಕೊಂಡಿತು ಅಂತ ನಿಮ್ಮಮ್ಮ ಹೇಳಿದಳು, ಸಮಾಧಾನ ಆಯಿತು.

ಫೋನಿನ ಹಾಡನ್ನು ಗಟ್ಟಿ ಮಾಡಲು ನೀನು ಕಟ್ಟಿದ ಒಂದು ಟ್ರಾನ್ಸಿಸ್ಟರಿನ ಆಂಪ್ಲಿಫೈಯರಿನ ಫೋಟೋ ಬಂತು. ದೊಡ್ಡದು ಮಾಡಿ ಒಂದೊಂದು ರೆಸಿಸ್ಟರಿನ ಬಣ್ಣದ ಪಟ್ಟಿಯನ್ನೂ ಓದಿದೆ. ಟ್ರಾನ್ಸಿಸ್ಟರಿನ ಮೂರು ಕಾಲು ಬೇಸ್, ಕಲೆಕ್ಟರ್, ಎಮಿಟರ್. ಬೇಸಿನಿಂದ ಮೇಲಕ್ಕೆ, ಅಂದರೆ ಬ್ಯಾಟರಿಯ ಪ್ಲಸ್ ಕಡೆಗೆ, ಹಳದಿ, ನೇರಳೆ, ಕಿತ್ತಳೆ. ಅದು 47 ಕೆ, ಅಂದರೆ 47 ಸಾವಿರ ಓಮ್. ಕೆಳಕ್ಕೆ, ಮೈನಸ್ ಕಡೆಗೆ, 10 ಕೆ. ಕಲೆಕ್ಟರಿಗೆ ಹಳದಿ, ನೇರಳೆ, ಕೆಂಪು. ಅದು 4.7 ಕೆ. ಎಮಿಟರಿಗೆ 1 ಕೆ, ಅದರ ಪಕ್ಕಕ್ಕೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದೂ ತಪ್ಪಿಲ್ಲ. ಬಿ.ಸಿ. 547 ಟ್ರಾನ್ಸಿಸ್ಟರ್ ಕೂಡ ಸರಿಯಾಗೇ ಕೂತಿದೆ. ಚಪ್ಪಟೆ ಮುಖ ನಮ್ಮ ಕಡೆ ಇದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇಷ್ಟು ಅಚ್ಚುಕಟ್ಟಾಗಿ ವೈರ್ ಮಾಡಿದ್ದು ನೋಡಿ ಸಂತೋಷ ಆಯಿತು.

ಆದರೂ ಫೋನಿನಿಂದ ಹಾಡು ಕೊಟ್ಟರೆ ಸ್ಪೀಕರಿನಲ್ಲಿ ಸೊಳ್ಳೆ ಗುಂಯ್ ಅಂದ ಹಾಗೆ ಸಣ್ಣಗೆ ಬರುತ್ತೆ, ಅದೂ ಒಡೆದ ಶಬ್ದ ಅಂದೆ. ಮೂರು ಟ್ರಾನ್ಸಿಸ್ಟರ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ ಅಂದೆ. ಮಗಳೇ, ನಾಲ್ಕನೆಯದನ್ನು ಹಾಕಬೇಡ. ತಪ್ಪು ಟ್ರಾನ್ಸಿಸ್ಟರಿನದಲ್ಲ.

ಸಣ್ಣ ಸಿಗ್ನಲ್ ಟ್ರಾನ್ಸಿಸ್ಟರಿನ ಒಳಗೆ ಹೋಗಿ ದೊಡ್ಡದಾಗಿ ಆಚೆ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮೂರ ಕೆರೆಯ ತೂಬು ನೆನಪಿದೆ ಅಲ್ವಾ? ನೀರುಗಂಟಿ ಅದನ್ನು ಒಂದು ಗೇಣು ಎತ್ತಿದರೆ ಕಾಲುವೆ ತುಂಬಿ ಹರಿಯುತ್ತದೆ, ಇಳಿಸಿದರೆ ಸೊರಗುತ್ತದೆ. ನೀರೆಲ್ಲ ಕೆರೆಯದು. ನೀರುಗಂಟಿಯದು ಕೈ ಮಾತ್ರ. ನಿನ್ನ ಬೋರ್ಡಿನಲ್ಲಿ 9 ವೋಲ್ಟ್ ಬ್ಯಾಟರಿಯೇ ಕೆರೆ, ಟ್ರಾನ್ಸಿಸ್ಟರ್ ತೂಬು, ಫೋನಿನ ಹಾಡು ನೀರುಗಂಟಿಯ ಕೈ. ಆಚೆ ಬರುವ ದೊಡ್ಡ ಅಲೆ ಬ್ಯಾಟರಿಯಿಂದ ಬಂದದ್ದು. ಹಾಡು ಅದನ್ನು ಕುಣಿಸುತ್ತದೆ, ಅಷ್ಟೆ.

ಹಾಡಿನ ಅಲೆ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. ತೂಬು ಪೂರ್ತಿ ಮುಚ್ಚಿದ್ದರೆ ಅದನ್ನು ಇನ್ನೂ ಮುಚ್ಚುವುದಕ್ಕೆ ಆಗುವುದಿಲ್ಲ. ಪೂರ್ತಿ ತೆಗೆದಿದ್ದರೆ ಇನ್ನೂ ತೆಗೆಯುವುದಕ್ಕೆ ಆಗುವುದಿಲ್ಲ. ಹಾಗಾಗಿ ಹಾಡೇ ಇಲ್ಲದಾಗಲೂ ಅದು ಅರ್ಧ ತೆರೆದು ನಿಂತಿರಬೇಕು. ಬಯಾಸ್ ಅಂದರೆ ಇದೇ. ಆ ನಾಲ್ಕೂ ರೆಸಿಸ್ಟರ್ ಇರುವುದು ಮುಖ್ಯವಾಗಿ ಇದಕ್ಕೇ.

ಲೆಕ್ಕ ಹಾಕಿ ನೋಡು. 47 ಕೆ, 10 ಕೆ ಸೇರಿ 9 ವೋಲ್ಟನ್ನು ಹಂಚಿಕೊಂಡರೆ ಬೇಸಿಗೆ 1.6 ವೋಲ್ಟಿಗೆ ಸ್ವಲ್ಪ ಕಡಿಮೆ ಸಿಗುತ್ತದೆ. ಬೇಸಿನಿಂದ ಎಮಿಟರಿಗೆ ಸುಮಾರು 0.65 ವೋಲ್ಟ್ ಕಳೆ. ಎಮಿಟರಿನಲ್ಲಿ 0.9 ಉಳಿಯುತ್ತದೆ. ಅಲ್ಲಿ 1 ಕೆ ಇರುವುದರಿಂದ ಹರಿಯುವ ಕರೆಂಟ್ 0.9 ಮಿಲಿಆಂಪಿಯರ್. ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಕಲೆಕ್ಟರಿನ 4.7 ಕೆ ಮೂಲಕವೂ ಬರಬೇಕು, ಅಲ್ಲಿ 4.2 ವೋಲ್ಟ್ ಬೀಳುತ್ತದೆ. ಅಂದರೆ ಕಲೆಕ್ಟರಿನಲ್ಲಿ ಉಳಿಯುವುದು 4.8. ಒಂಬತ್ತರಲ್ಲಿ ಅರ್ಧದ ಹತ್ತಿರ. ಮೇಲಕ್ಕೂ ಕೆಳಕ್ಕೂ ಸುಮಾರು 4 ವೋಲ್ಟಿನಷ್ಟು ಜಾಗ ಇದೆ.

ಈ ಲೆಕ್ಕದಲ್ಲಿ ಟ್ರಾನ್ಸಿಸ್ಟರಿನ ಬೀಟಾ, ಅಂದರೆ ಬೇಸಿನ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಅನ್ನುವ ಅಂಕಿ, ಎಲ್ಲೂ ಬರಲಿಲ್ಲ, ಗಮನಿಸಿದೆಯಾ? ಬಿ.ಸಿ. 547ರ ಬೀಟಾ 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದನ್ನು ನಂಬಿ ಸರ್ಕ್ಯೂಟ್ ಮಾಡಿದರೆ ಇವತ್ತು ಸರಿ, ನಾಳೆ ಇನ್ನೊಂದು ಟ್ರಾನ್ಸಿಸ್ಟರ್ ಹಾಕಿದರೆ ಕೆಟ್ಟಿತು. ಎಮಿಟರಿನ ಆ 1 ಕೆ ಕಾಯುವುದು ಇದನ್ನೇ. ಕರೆಂಟ್ ಜಾಸ್ತಿ ಆಗಲು ಹೊರಟರೆ ಎಮಿಟರಿನ ವೋಲ್ಟೇಜ್ ಏರುತ್ತದೆ. ಬೇಸ್ ಇದ್ದಲ್ಲೇ ಇರುವುದರಿಂದ ನಡುವಿನ 0.65 ಕುಗ್ಗುತ್ತದೆ, ಕರೆಂಟ್ ತಾನಾಗಿ ಇಳಿಯುತ್ತದೆ. ಟ್ರಾನ್ಸಿಸ್ಟರ್ ಬೆಚ್ಚಗಾದಾಗಲೂ ಕರೆಂಟ್ ಏರಿ ಹೋಗದ ಹಾಗೆ ಇದೇ ಹಿಡಿದುಕೊಳ್ಳುತ್ತದೆ. ನೀನು ಮೂರು ಬದಲಾಯಿಸಿದರೂ ವ್ಯತ್ಯಾಸ ಕಾಣದೇ ಇದ್ದದ್ದಕ್ಕೂ ಇದೇ ಕಾರಣ. ನಿನ್ನ ಬಯಾಸ್ ಅಷ್ಟು ಗಟ್ಟಿಯಾಗಿದೆ.

ಇನ್ನು ಆ 100 ಮೈಕ್ರೋಫ್ಯಾರಡ್. ಅದನ್ನು ನಾನು ಕಲಿತ ಬಗೆ ಹೇಳಬೇಕು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ರೇಡಿಯೋ ಬಂತು, ಶಬ್ದ ತುಂಬಾ ಸಣ್ಣ. ಹಳೇ ಬಗೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಸೆಟ್ಟು. ಡ್ರೈವರ್ ಟ್ರಾನ್ಸಿಸ್ಟರ್ ಎ.ಸಿ. 126 ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ ಬದಲಾಯಿಸಿದೆ. ಸರಿಹೋಗಲಿಲ್ಲ. ಇನ್ನೊಂದು ಹಾಕಿದೆ. ಜರ್ಮೇನಿಯಂ ಆದರೆ ಕಾಲನ್ನು ಇಕ್ಕಳದಲ್ಲಿ ಹಿಡಿದು ಸೋಲ್ಡರ್ ಮಾಡಬೇಕು, ಇಲ್ಲದಿದ್ದರೆ ಬಿಸಿಗೆ ಸಾಯುತ್ತದೆ. ಅವಸರದಲ್ಲಿ ಹಿಡಿಯಲಿಲ್ಲ. ಇದ್ದ ಸಣ್ಣ ಶಬ್ದವೂ ನಿಂತುಹೋಯಿತು.

ಅಂಗಡಿಯ ಹಿರಿಯರು ಬೈಯಲಿಲ್ಲ. ಮೊದಲಿನ ಟ್ರಾನ್ಸಿಸ್ಟರನ್ನೇ ವಾಪಸ್ ಹಾಕಿಸಿದರು. ಮೀಟರಿನ ವೈರಿನ ತುದಿಯನ್ನು ಬೇಸಿಗೆ, ಎಮಿಟರಿಗೆ, ಕಲೆಕ್ಟರಿಗೆ ತಾಗಿಸಿದರು. ಮೂರೂ ಕಡೆ ವೋಲ್ಟೇಜ್ ಸರಿ ಇತ್ತು. ಆಮೇಲೆ ಡಬ್ಬಿಯಿಂದ ಒಂದು ಹೊಸ ಕೆಪಾಸಿಟರ್ ತೆಗೆದು, ಅದರ ಎರಡು ಕಾಲನ್ನೂ ಎಮಿಟರಿನ ಹಳೆ ಕೆಪಾಸಿಟರಿನ ಕಾಲುಗಳ ಮೇಲೆ ಸುಮ್ನೆ ಒತ್ತಿ ಹಿಡಿದರು. ರೇಡಿಯೋ ಗಟ್ಟಿಯಾಗಿ ವಾರ್ತೆ ಓದಿತು. ಕೈ ತೆಗೆದರು, ಮತ್ತೆ ಸಣ್ಣಗಾಯಿತು. ಹಳೆ ಕೆಪಾಸಿಟರ್ ಒಳಗೇ ಒಣಗಿಹೋಗಿತ್ತು.

ಎಮಿಟರಿನ 1 ಕೆ ಯಾವ ಬದಲಾವಣೆಯನ್ನೂ ಬಿಡುವುದಿಲ್ಲ. ಬಿಸಿಯಿಂದ ಆದ ಬದಲಾವಣೆಯನ್ನು ತಡೆದ ಹಾಗೇ ಹಾಡನ್ನೂ ತಡೆಯುತ್ತದೆ. ಅದೊಂದೇ ಇದ್ದರೆ ನಿನ್ನ ಸರ್ಕ್ಯೂಟಿನ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು, 4.7 ಕೆ ಭಾಗಿಸು 1 ಕೆ, ಐದಕ್ಕೂ ಕಡಿಮೆ. ಪಕ್ಕದಲ್ಲಿ ಕೆಪಾಸಿಟರ್ ಇಟ್ಟರೆ ಹಾಡಿಗೆ ಬಳಸುದಾರಿ ಸಿಗುತ್ತದೆ, ಡಿ.ಸಿ.ಗೆ, ಅಂದರೆ ಬಯಾಸಿನ ಒಂದೇ ಸಮನಾದ ಕರೆಂಟಿಗೆ, ಸಿಗುವುದಿಲ್ಲ. ಆಗ ಹಾಡಿಗೆ ಅಡ್ಡ ಉಳಿಯುವುದು ಟ್ರಾನ್ಸಿಸ್ಟರಿನ ಒಳಗಿನ 29 ಓಮ್ ಮಾತ್ರ. ಯಾವ ಟ್ರಾನ್ಸಿಸ್ಟರಿಗೂ ಒಂದೇ ಆದ 26 ಮಿಲಿವೋಲ್ಟ್ ಅನ್ನುವ ಅಂಕಿಯನ್ನು 0.9 ಮಿಲಿಆಂಪಿಯರಿನಿಂದ ಭಾಗಿಸಿದರೆ ಅದು ಬರುತ್ತದೆ. ಗೇನ್ ಸುಮಾರು 160ಕ್ಕೆ ಹಾರುತ್ತದೆ. ಬಯಾಸ್ ಒಂದಿಷ್ಟೂ ಅಲುಗುವುದಿಲ್ಲ.

ಈಗ ನಿನ್ನ ಒಡೆದ ಶಬ್ದಕ್ಕೆ ಬಾ. 160 ಗೇನ್ ಇರುವ ಸರ್ಕ್ಯೂಟ್ ಮೈಕಿಗೆ ಸರಿ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಫೋನಿನ ವಾಲ್ಯೂಮ್ ಏರಿಸಿದರೆ ಕೆಲವು ನೂರು ಮಿಲಿವೋಲ್ಟ್ ಬರುತ್ತದೆ. 300 ಮಿಲಿವೋಲ್ಟ್ ಅಂದುಕೋ, 160ರಿಂದ ಗುಣಿಸು, 48 ವೋಲ್ಟ್. ನಿನ್ನ ಕೆರೆಯಲ್ಲಿ ಇರುವುದೇ 9. ತೂಬು ಒಂದು ಕಡೆ ಪೂರ್ತಿ ಮುಚ್ಚಿ, ಇನ್ನೊಂದು ಕಡೆ ಪೂರ್ತಿ ತೆಗೆದು ಬಡಿದುಕೊಳ್ಳುತ್ತಿದೆ. ನೀನು ಕೇಳಿದ್ದು ಆ ಬಡಿತ. 100 ಮೈಕ್ರೋಫ್ಯಾರಡ್ ಕಿತ್ತು ಪಕ್ಕಕ್ಕಿಡು, ಇಲ್ಲವೇ ಫೋನಿನ ಮುಂದೆ ಒಂದು 10 ಕೆ ವಾಲ್ಯೂಮ್ ಕಂಟ್ರೋಲ್ ಹಾಕು.

ಶಬ್ದ ಸಣ್ಣದಾಗಿದ್ದಕ್ಕೆ ಕಾರಣ ಬೇರೆ. 8 ಓಮಿನ ಸ್ಪೀಕರನ್ನು ನೀನು ನೇರವಾಗಿ ಕಲೆಕ್ಟರಿಗೆ ಕಟ್ಟಿದ್ದೀ. 4.7 ಕೆ ಹಿಂದಿನಿಂದ ಬರುವ 0.9 ಮಿಲಿಆಂಪಿಯರ್ ಅದನ್ನು ಅಲುಗಿಸುವಷ್ಟು ಇಲ್ಲ. ಆ ಹೊರೆ ಕಟ್ಟಿದ ಮೇಲೆ ಗೇನ್ ಒಂದಕ್ಕಿಂತ ಕೆಳಗೆ ಬಿದ್ದುಹೋಗುತ್ತದೆ. ಸ್ಪೀಕರ್ ಓಡಿಸಲು ಮುಂದೆ ಇನ್ನೊಂದು ಹಂತ ಬೇಕು. ಬಿ.ಡಿ. 139, ಬಿ.ಡಿ. 140 ಟ್ರಾನ್ಸಿಸ್ಟರ್ ಜೋಡಿ, ಒಂದು ಅಲೆಯ ಮೇಲಿನ ಅರ್ಧ ಹೊತ್ತರೆ ಇನ್ನೊಂದು ಕೆಳಗಿನ ಅರ್ಧ ಹೊರುತ್ತದೆ. ಅದನ್ನು ದೀಪಾವಳಿ ರಜೆಗೆ ನೀನು ಬಂದಾಗ ಕೂತು ಮಾಡೋಣ. ಅಲ್ಲಿಯವರೆಗೆ ಆಕ್ಸ್ ತೂತಿರುವ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರಿಗೆ ಕೊಟ್ಟು ಕೇಳು. ನಡುವೆ 10 ಮೈಕ್ರೋಫ್ಯಾರಡ್ ಇರಲಿ, ಅದರ ಪ್ಲಸ್ ಕಲೆಕ್ಟರ್ ಕಡೆಗೆ.

ಆದರೆ ಹಾಡು ಕೊಡುವ ಮುಂಚೆ ಫೋನಿನ ವೈರ್ ಬಿಚ್ಚಿಡು. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸು, ಕಪ್ಪು ವೈರ್ ನೆಗೆಟಿವ್‌ಗೆ. ಕಲೆಕ್ಟರಿನಲ್ಲಿ 9 ತೋರಿಸಿದರೆ ತೂಬು ಮುಚ್ಚಿದೆ, ಬೇಸಿನ ಕಡೆ ಎಲ್ಲೋ ಬಿಟ್ಟುಹೋಗಿದೆ. 2 ವೋಲ್ಟಿಗೂ ಕಡಿಮೆ ಇದ್ದರೆ ಪೂರ್ತಿ ತೆರೆದಿದೆ, ಕೆಳಗಿನ 10 ಕೆ ನೋಡು. ಐದರ ಆಸುಪಾಸು ಬಂದರೆ ಟ್ರಾನ್ಸಿಸ್ಟರನ್ನು ಮುಟ್ಟಲೇಬೇಡ. ತೆಗೆದಿಟ್ಟ ಆ ಮೂರನ್ನೂ ಎಸೆಯಬೇಡ, ಮೂರೂ ಚೆನ್ನಾಗಿರುತ್ತವೆ.

ಬೇಸ್, ಎಮಿಟರ್, ಕಲೆಕ್ಟರ್, ಮೂರರ ವೋಲ್ಟೇಜೂ ಬರೆದು ಕಳಿಸು. ಜೊತೆಗೆ ಬ್ಯಾಟರಿಯದೂ ಬರೆ. ಹಳೆಯದಾಗಿ 7ಕ್ಕೆ ಇಳಿದಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕಾಗುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ